ಬಾಗಿಲಾಚೆಯ ಮೂರು ಟ್ರಂಪೆಟ್

ಬಸವಕಲ್ಯಾಣದಲ್ಲಿ ಬ್ಯಾಂಡ್ ಉತ್ತಮನ ಮನೆ ಎಲ್ಲಿ ಎಂದು ಕೇಳಿದರೆ ಚಹಾದಂಗಡಿಯವರು ಕೂಡ ಎದ್ದು ಬಂದು ದಾರಿ ತೋರಿಸುತ್ತಾರೆ. ಹನ್ನೊಂದು ಜನರ ಬ್ಯಾಂಡಿಗೆ ಅವನು ಮಾಸ್ತರ. ಹದಿನಾರನೇ ವಯಸ್ಸಿನಲ್ಲಿ ಅಪ್ಪನ ಕೈಯಿಂದ ಟ್ರಂಪೆಟ್ ತೆಗೆದುಕೊಂಡವನಿಗೆ ಈಗ ಐವತ್ತಾರು. ಡಿಜೆ ಬಂದ ಮೇಲೆ ಮದುವೆಗಳು ಅರ್ಧಕ್ಕರ್ಧ ಕಡಿಮೆಯಾದರೂ, ಮದುಮಗ ಕುದುರೆ ಹತ್ತಿದ ಮೇಲೆ ಹಿತ್ತಾಳೆಯ ದನಿ ಇಲ್ಲದಿದ್ದರೆ ಮೆರವಣಿಗೆಯೇ ಅಲ್ಲ ಎನ್ನುವ ಮನೆಗಳು ಇನ್ನೂ ಉಳಿದಿದ್ದವು. ಬ್ಯಾಂಡ್ ನಡೆಯುತ್ತಿದ್ದದ್ದು ಅವರಿಂದಲೇ.

ಅವನ ಮಗಳು ಪೂನಂ ಹುಮನಾಬಾದಿನ ಕೈಗಾರಿಕಾ ಪ್ರದೇಶದ ಒಂದು ಔಷಧ ಕಂಪನಿಯಲ್ಲಿ ಗುಳಿಗೆಗಳನ್ನು ಪರೀಕ್ಷೆ ಮಾಡುವ ಕೆಲಸದಲ್ಲಿದ್ದಳು. ಫೆಬ್ರುವರಿಯ ಒಂದು ಭಾನುವಾರ ಮನೆಗೆ ಬಂದವಳು ಚೀಲದಿಂದ ಮೂರು ದಪ್ಪ ಕಾರ್ಡು ತೆಗೆದು ಅಪ್ಪನ ಮುಂದಿಟ್ಟಳು.

"ಮುಂದಿನ ಶನಿವಾರ ಕಂಪನೀಗಿ ಇಪ್ಪತ್ತೈದು ವರ್ಷ ತುಂಬ್ತಾವ ಪಪ್ಪಾ. ಹೈದರಾಬಾದಿಂದ ಆರ್ಕೆಸ್ಟ್ರಾ ಬರಾಕತ್ತದ."

"ಸಿನಿಮಾ ಹಾಡಿಂದು ಹೌದಿಲ್ಲೋ?"

"ಅಲ್ಲ. ಅಮೆರಿಕಾದ ಶಾಸ್ತ್ರೀಯ ಸಂಗೀತ. ಅರವತ್ತು ಮಂದಿ ಬಾರಿಸ್ತಾರಂತ, ನಲವತ್ತು ಮಂದಿ ಕೂಡಿ ಹಾಡ್ತಾರಂತ. ನಮ್ಮ ಮಾಲ್ ತಗೊಳ್ಳೋ ಅಮೆರಿಕಾದವ್ರು ಬರ್ತಾರಲ್ಲ, ಅವ್ರ ಸಲುವಾಗಿ ಇಟ್ಟಾರ."

ಮೆಂತ್ಯೆ ಸೊಪ್ಪು ಬಿಡಿಸುತ್ತ ಕುಳಿತಿದ್ದ ಉತ್ತಮನ ಹೆಂಡತಿ ರತ್ನಮಾಲಾ ತಲೆಯೆತ್ತಿದಳು. "ಅಮೆರಿಕಾದಾಗೂ ಶಾಸ್ತ್ರೀಯ ಅಂತ ಇರ್ತದೇನು?"

"ನನಗೂ ಗೊತ್ತಿಲ್ಲ ಆಯಿ. ಅದಕ್ಕೇ ಹೋಗಿ ಕೇಳೋಣು ಅಂತ."

ಉತ್ತಮ ಕಾರ್ಡನ್ನು ತಿರುಗಿಸಿ ನೋಡಿದ. ಕಾರ್ಯಕ್ರಮ ಹೆದ್ದಾರಿ ಪಕ್ಕದ ದೊಡ್ಡ ಮಂಗಲ ಕಾರ್ಯಾಲಯದಲ್ಲಿ, ಸಂಜೆ ಐದಕ್ಕೆ. ಹೆಸರನ್ನು ಎರಡು ಸಲ ಓದಿದ. ಆ ಕಾರ್ಯಾಲಯದ ಗೇಟು ಅವನಿಗೆ ತನ್ನ ಮನೆಯ ಹೊಸ್ತಿಲಿನಷ್ಟೇ ಪರಿಚಯ. ಅದು ಕಟ್ಟಿದಂದಿನಿಂದ, ಅಂದರೆ ಮೂವತ್ತು ವರ್ಷದಿಂದ, ಎಷ್ಟು ಮದುಮಕ್ಕಳನ್ನು ಅಲ್ಲಿಗೆ ಮುಟ್ಟಿಸಿದ್ದನೋ ಲೆಕ್ಕವಿಲ್ಲ. ಆದರೆ ಮೆರವಣಿಗೆ ಗೇಟು ದಾಟಿ ಮೆಟ್ಟಿಲ ಹತ್ತಿರ ಬಂದರೆ ಬ್ಯಾಂಡಿನ ಕೆಲಸ ಮುಗಿಯಿತು. ಮಂದಿ ಒಳಗೆ ಹೋಗುತ್ತಾರೆ, ಬ್ಯಾಂಡಿನವರು ಹೊರಗೆ ಬೇವಿನ ಮರದ ಕೆಳಗೆ ಕೂಡುತ್ತಾರೆ. ಊಟದ ತಟ್ಟೆಯೂ ಅಲ್ಲಿಗೇ ಬರುತ್ತಿತ್ತು. ಬಾಗಿಲು ತೆರೆದಾಗ ಒಳಗೆ ತೂಗುವ ಜುಮ್ಮರ್ ದೀಪದ ಗೊಂಚಲು ಒಮ್ಮೊಮ್ಮೆ ಕಂಡದ್ದುಂಟು, ಅಷ್ಟೇ.

"ಹೋಗೋಣು. ಅದನ್ನ ಒಳಗಿಂದ ನೋಡಿಲ್ಲ ನಾ," ಎಂದ.

ಕೋಟು ಹಾಕಿಕೊಂಡು ಬನ್ನಿ ಎಂದು ಕಾರ್ಡಿನಲ್ಲಿ ಬರೆದಿತ್ತು. ಉತ್ತಮನ ಬಳಿ ಇದ್ದ ಕೋಟು ಎಂದರೆ ಬ್ಯಾಂಡಿನ ಕೋಟುಗಳು ಮಾತ್ರ, ಒಂದು ಕೆಂಪು, ಒಂದು ಕಪ್ಪು. ರತ್ನಮಾಲಾ ಕಪ್ಪನ್ನು ಆರಿಸಿ, ಕತ್ತರಿ ಹಿಡಿದು, ಭುಜದ ಮೇಲಿನ ಜರಿಯ ಗೊಂಡೆಗಳನ್ನೂ ಎದೆಯ ಮೇಲಿನ ಬಂಗಾರದ ಪಟ್ಟಿಯನ್ನೂ ಬಿಚ್ಚಿದಳು. ಹೊಲಿಗೆಯ ತೂತುಗಳು ಉಳಿದವು. ಅವುಗಳ ಮೇಲೆ ಇಸ್ತ್ರಿ ಒತ್ತಿ, ದೂರ ನಿಂತು ನೋಡಿ, "ಈಗ ಪಕ್ಕಾ ವಕೀಲರ ಹಾಂಗ ಕಾಣಾಕತ್ತೀರಿ," ಎಂದಳು.

ಶನಿವಾರ ಮಧ್ಯಾಹ್ನ ಗಂಡ ಹೆಂಡತಿ ಬಸ್ಸು ಹಿಡಿದು ಹುಮನಾಬಾದಿಗೆ ಬಂದರು. ಪೂನಂ ಬಸ್ ನಿಲ್ದಾಣದಲ್ಲೇ ಕಾಯುತ್ತಿದ್ದಳು. ಕಾರ್ಯಾಲಯದ ಗೇಟಿನಲ್ಲಿ ಕೈಯಲ್ಲಿ ವಾಕಿಟಾಕಿ ಹಿಡಿದ ಒಬ್ಬ ಸ್ವಯಂಸೇವಕ ಹೆಂಗಸರಿಬ್ಬರ ಕಾರ್ಡು ನೋಡಿ ಒಳಗೆ ಬಿಟ್ಟ. ಉತ್ತಮನ ಕಪ್ಪು ಕೋಟು, ಹೊಳೆಯುವ ಗುಂಡಿಗಳನ್ನು ನೋಡಿದವನು ಮಾತ್ರ ಕಾರ್ಡು ಕೇಳಲೇ ಇಲ್ಲ.

"ಸರ್, ನಿಮ್ಮವರೆಲ್ಲ ಹಿಂದಿನ ಬಾಗಿಲಿನಾಗ ಇದ್ದಾರ್ರಿ. ಆಗಲೇ ಲೇಟಾಗ್ಯದ, ಲಗು ಹೋಗ್ರಿ."

ಪೂನಂ ಮಾತನಾಡುವ ಮೊದಲೇ ಹಿಂದಿನ ಜನ ನೂಕಿದರು, ತಾಯಿ ಮಗಳು ಒಳಗೆ ಸೇರಿಹೋದರು. ಈ ಗೇಟಿನಲ್ಲಿ ಯಾರಾದರೂ ಆ ಕಡೆ ಹೋಗು ಎಂದರೆ ಆ ಕಡೆ ಹೋಗಿಯೇ ಉತ್ತಮನಿಗೆ ರೂಢಿ. ಅವನು ಗೋಡೆ ಬಳಸಿ ಹಿಂದಕ್ಕೆ ನಡೆದ.

ಹಿಂದಿನ ಕೋಣೆ ಮದುವೆಯ ದಿನಗಳಲ್ಲಿ ಅಡುಗೆಯವರು ಸಾಮಾನು ಇಡುವ ಜಾಗ. ಇಂದು ಕಪಾಟಿನ ತುಂಬ ಸ್ಟೀಲಿನ ತಟ್ಟೆ ಹಾಗೇ ಇದ್ದವು, ಮೇಜುಗಳ ಮೇಲೆ ಮಾತ್ರ ಪಿಟೀಲಿನ ಪೆಟ್ಟಿಗೆಗಳು. ಕಪ್ಪು ಬಟ್ಟೆ ತೊಟ್ಟ ಗಂಡಸರು ಹೆಂಗಸರು ಅವಸರದಲ್ಲಿ ಓಡಾಡುತ್ತಿದ್ದರು. ತಪ್ಪು ಜಾಗಕ್ಕೆ ಬಂದೆನೆಂದು ಉತ್ತಮ ತಿರುಗಬೇಕು ಎನ್ನುವಷ್ಟರಲ್ಲಿ ಮೂಲೆಯಲ್ಲಿ ಒಬ್ಬ ಹುಡುಗಿ ನೆಲದ ಮೇಲೆ ಕುಳಿತದ್ದು ಕಂಡಿತು. ಇಪ್ಪತ್ತೈದು ಇಪ್ಪತ್ತಾರರ ವಯಸ್ಸು. ತೊಡೆಯ ಮೇಲೆ ಅವಳ ಅರ್ಧದಷ್ಟು ದೊಡ್ಡ ಹಿತ್ತಾಳೆಯ ಟ್ಯೂಬಾ. ಸ್ವರ ಬದಲಿಸಲು ಒತ್ತುವ ಪಿಸ್ಟನ್‌ಗಳಲ್ಲಿ ಒಂದನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಅವಳ ಮುಖ ಕೆಂಪಾಗಿತ್ತು.

ಉತ್ತಮನ ಅಪ್ಪ ಟ್ರಂಪೆಟ್ ಹಿಡಿಯುವ ಮೊದಲು ಇಂಥದ್ದೇ ದೊಡ್ಡ ಬಾಜಾ ಊದುತ್ತಿದ್ದವನು. ಕಾಲು ತಾನಾಗಿ ಆ ಕಡೆ ಹೋಯಿತು.

"ಏನಾಗ್ಯದವ್ವ?"

"ಎರಡನೇ ಪಿಸ್ಟನ್ ಕೆಳಗ ಹೋದದ್ದು ಮ್ಯಾಲೆ ಬರವಲ್ದು ಕಾಕಾ. ಇನ್ನ ಹದಿನೈದು ಮಿನಿಟಿಗಿ ಶುರು."

"ಎಣ್ಣಿ ಯಾವುದು ಹಾಕಿದ್ದಿ?"

ಹುಡುಗಿ ತಲೆ ತಗ್ಗಿಸಿದಳು. "ಇದರ ಎಣ್ಣಿ ಬಸ್ಸಿನಾಗ ಚೆಲ್ಲಿ ಹೋಯ್ತು. ಕೋರಸ್ಸಿನಾಗಿನ ಒಬ್ಬಾಕಿ ಕಡೆ ಕೊಬ್ಬರಿ ಎಣ್ಣಿ ಇತ್ತು, ಅದನ್ನೇ ಹಾಕಿದೆ."

"ಕೊಬ್ಬರಿ ಎಣ್ಣಿ ತಲೀಗಿ. ಇದಕ್ಕ ಹಾಕಿದ್ರ ಎಸಿ ಥಂಡಿಗಿ ಗಟ್ಟಿಯಾಗಿ ಕುಂಡ್ರತದ. ಇಲ್ಲಿ ಕೊಡು."

ಉತ್ತಮ ನೆಲದ ಮೇಲೆ ಕುಳಿತ. ಕೆಳಗಿನ ಮುಚ್ಚಳ ತಿರುಗಿಸಿ ತೆಗೆದು, ಅಲ್ಲಿಂದ ಬೆರಳಿನಲ್ಲಿ ಹಗುರಾಗಿ ನೂಕಿದ. ಪಿಸ್ಟನ್ ಕೂದಲೆಳೆಯಷ್ಟು ಮೇಲೆ ಬಂತು. ಮತ್ತೆ ನೂಕಿದ, ಮೇಲಿನಿಂದ ನಿಧಾನವಾಗಿ ಎಳೆದ. ಹೊರಗೆ ಬಂದದ್ದನ್ನು ರತ್ನಮಾಲಾ ಕೊಟ್ಟಿದ್ದ ಹೊಸ ಕರವಸ್ತ್ರದಿಂದ ಒರೆಸಿದ. ಆಮೇಲೆ ಕೋಟಿನ ಒಳಜೇಬಿಗೆ ಕೈ ಹಾಕಿದರೆ ಬೆರಳುದ್ದದ ಸೀಸೆ ಅಲ್ಲೇ ಇತ್ತು. ಹೊಲಿಗೆ ಯಂತ್ರದ ಎಣ್ಣೆಗೆ ಚೂರು ಸೀಮೆಎಣ್ಣೆ ಬೆರೆಸಿದ್ದು. ರತ್ನಮಾಲಾ ಜರಿ ಬಿಚ್ಚಿದ್ದಳೇ ಹೊರತು ಒಳಜೇಬು ನೋಡಿರಲಿಲ್ಲ. ನಾಲ್ಕು ಹನಿ ಬಿಟ್ಟು, ಪಿಸ್ಟನ್ನಿನ ಮೇಲಿನ ಗುರುತು ನೋಡಿ ಸರಿಯಾಗಿ ಕೂರಿಸಿದ. ಒತ್ತಿ ಬಿಟ್ಟರೆ ಅದು ಟಪ್ಪನೆ ಮೇಲೆದ್ದಿತು.

"ಊದಿ ನೋಡು."

ಅವಳು ಒಂದು ಕೆಳಸ್ವರ ಊದಿದಳು. ಕಪಾಟಿನ ಮೇಲಿನ ತಟ್ಟೆಗಳೆಲ್ಲ ಗುಂಯ್ ಎಂದವು. ಇಬ್ಬರೂ ನಕ್ಕರು.

"ನನ್ನ ಹೆಸರು ಅನುರಾಧಾ. ಬೀದರದಾಗೇ ಹುಟ್ಟಿದಾಕಿ. ನೀವು ಯಾವ ಸೆಕ್ಷನ್ ಕಾಕಾ? ಪುಣೆದಿಂದ ಕೆಲವರು ಬರ್ತಾರ ಅಂದಿದ್ರು."

ಉತ್ತಮ ಸೀಸೆಯ ಮುಚ್ಚಳ ತಿರುಗಿಸುತ್ತ ಕುಳಿತ. ಸುಳ್ಳು ಹೇಳಲು ಬರಲಿಲ್ಲ. "ನಾ ಬಸವಕಲ್ಯಾಣದಾಗ ಮದುವೀ ಬ್ಯಾಂಡ್ ನಡೆಸ್ತೀನಿ. ಇವತ್ತ ಕೇಳಾಕ ಬಂದೀನಿ ಅಷ್ಟೇ. ಕೋಟ್ ನೋಡಿ ಗೇಟಿನಾಗಿನವ ಈ ಕಡೆ ಕಳಿಸಿದ."

ಅವಳು ನಗುತ್ತಾಳೆಂದು ಅಂದುಕೊಂಡಿದ್ದ. ಅವಳು ಟ್ಯೂಬಾ ಎತ್ತಿ ನಿಂತಳು. "ಹಂಗಂದ್ರ ನಿಮ್ಮ ಜಾಗಾ ಮುಂದದ. ನನ್ನ ಹಿಂದ ಬರ್ರಿ."

ಹೀಗೆ ಉತ್ತಮ ಆ ಕಾರ್ಯಾಲಯದ ಒಳಗೆ ಮೊದಲ ಸಲ ಕಾಲಿಟ್ಟದ್ದು ವೇದಿಕೆಯ ಮೇಲಿಂದ. ನೂರು ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು, ದೊಡ್ಡ ದೊಡ್ಡ ಡೋಲುಗಳನ್ನು ದಾಟಿ, ಪಕ್ಕದ ಮೆಟ್ಟಿಲಿಳಿದು ಸಭೆಗೆ ಬಂದ. ಆರನೇ ಸಾಲಿನಲ್ಲಿ ಪಕ್ಕದ ಕುರ್ಚಿಯ ಮೇಲೆ ಚೀಲ ಇಟ್ಟು ಜಾಗ ಹಿಡಿದಿದ್ದ ರತ್ನಮಾಲಾ ಕಣ್ಣು ಅಗಲಿಸಿ ನೋಡಿದಳು.

"ನೀವು ಯಾವಾಗ ಅವ್ರ ಕೂಡ ಸೇರಿದ್ರಿ?"

"ಆಮ್ಯಾಗ ಹೇಳ್ತೀನಿ. ಚೀಲ ತಗಿ."

ವಾದ್ಯಗೋಷ್ಠಿ ನಡೆಸುವವರು ಧರ್ಮೇಂದ್ರ ಎಂಬ ಬಿಳಿಗಡ್ಡದ ಮನುಷ್ಯ. ಅವರು ಬಂದು ಜನರಿಗೆ ಬೆನ್ನು ಮಾಡಿ ನಿಂತರು. "ಅವ್ರು ಈ ಕಡೆ ತಿರುಗೋತನಾ ಯಾರೂ ಚಪ್ಪಾಳಿ ಹೊಡೀಬಾರ್ದಂತ," ಎಂದು ಪೂನಂ ಇಬ್ಬರ ಕಿವಿಯಲ್ಲೂ ಹೇಳಿದಳು.

ಮೊದಲನೆಯದು ಬರೀ ಹಿತ್ತಾಳೆ ಮತ್ತು ಡೋಲಿನದು. ಡೋಲು ಒಮ್ಮೆ ಗುಡುಗಿತು. ಆಮೇಲೆ ಏನೂ ಇಲ್ಲ. ಮತ್ತೆ ಗುಡುಗಿತು. ಆಮೇಲೆ ಟ್ರಂಪೆಟ್‌ಗಳು ಮಾತ್ರ, ನಿಧಾನವಾಗಿ, ಒಂದು ಸ್ವರ ಮುಗಿದು ಗೋಡೆ ಮುಟ್ಟಿ ಬಂದ ಮೇಲೆ ಇನ್ನೊಂದು. ಉತ್ತಮನ ಬೆರಳುಗಳು ತೊಡೆಯ ಮೇಲೆ ತಾವಾಗಿಯೇ ಆಡತೊಡಗಿದವು. ಅವನ ಕೆಲಸದಲ್ಲಿ ಹೀಗೆ ಬಿಡುವು ಕೊಟ್ಟವರಿಲ್ಲ. ಒಂದು ಉಸಿರು ನಿಲ್ಲಿಸಿದರೆ ಮದುಮಗನ ಕಾಕಾ ಬಂದು ಯಾಕ ನಿಂತೀರಿ ಎನ್ನುತ್ತಾನೆ. ಇವರು ನಿಲ್ಲಿಸುತ್ತಿದ್ದರು, ಇಡೀ ಸಭೆ ಕಾಯುತ್ತಿತ್ತು.

ಎರಡನೆಯದಕ್ಕೆ ಹಾಡುವವರು ಎದ್ದು ನಿಂತರು. ಪಿಟೀಲುಗಳು ಇದ್ದೂ ಇಲ್ಲದ ಹಾಗೆ ಶುರುವಾದವು. ನಲವತ್ತು ಜನ ಬಾಯಿ ತೆರೆದದ್ದು ಕಂಡಿತು, ದನಿ ಯಾವಾಗ ಶುರುವಾಯಿತೆಂದು ಗೊತ್ತಾಗಲಿಲ್ಲ. ಯಾವುದೋ ನದಿಯ ಮೇಲಿನ ಹಾಡು ಎಂದು ಬಾಗಿಲಲ್ಲಿ ಹಂಚಿದ್ದ ಕಾಗದದಲ್ಲಿ ಬರೆದಿತ್ತು. ಅಷ್ಟು ಜನ ಸೇರಿ ಅಷ್ಟು ಮೆಲ್ಲಗೆ ಹಾಡಬಹುದೆಂದು ಉತ್ತಮ ಎಂದೂ ಯೋಚಿಸಿರಲಿಲ್ಲ. ಅವನಿಗೆ ತಿಳಿದಂತೆ ಮಂದಿ ಹೆಚ್ಚಾದರೆ ಸದ್ದು ಹೆಚ್ಚಾಗಬೇಕು, ಅದಕ್ಕಾಗಿಯೇ ಮಂದಿ ಕರೆಯುವುದು.

ರತ್ನಮಾಲಾ ಅವನ ತೋಳು ಹಿಡಿದಳು. "ಇವ್ರು ಉಸಿರು ಯಾವಾಗ ತಗೋತಾರ?"

ಅವನು ಸ್ವಲ್ಪ ಹೊತ್ತು ಹಾಡುವವರ ಎದೆಗಳನ್ನೇ ನೋಡಿದ. "ಒಬ್ಬರು ಬಿಟ್ಟಾಗ ಬಾಜೂದವ್ರು ಹಿಡೀತಾರ. ಎಲ್ಲಾರೂ ಒಮ್ಮೆಗೇ ಬಿಡಂಗಿಲ್ಲ. ನೋಡು, ಆ ಚಸ್ಮಾದಾಕಿ ಈಗ ತಗೊಂಡ್ಳು."

ಆಮೇಲೆ ರತ್ನಮಾಲಾ ಹಾಡು ಮುಗಿಯುವವರೆಗೆ ಚಸ್ಮಾದವಳನ್ನೇ ನೋಡುತ್ತ, ಅವಳ ಜೊತೆ ಉಸಿರು ತೆಗೆದುಕೊಳ್ಳುತ್ತ, ಅವಳ ಜೊತೆ ಬಿಡುತ್ತ ಕುಳಿತಳು. ನಡುವೆ ಒಂದು ಕಡೆ ಸಂಗೀತ ನಿಂತಾಗ ಮುಂದಿನ ಸಾಲಿನ ಕಂಪನಿ ಸಾಹೇಬರು ಜೋರಾಗಿ ಚಪ್ಪಾಳೆ ತಟ್ಟಿ, ಸುತ್ತ ನೋಡಿ, ಕೈ ಕೆಳಗೆ ಹಾಕಿದರು. ರತ್ನಮಾಲಾ ಮಗಳತ್ತ ತಿರುಗಿ, "ನಾ ಹೊಡೀಲಿಲ್ಲ," ಎಂದಳು.

ಮೂರನೆಯದಕ್ಕೆ ಮೊದಲು ಧರ್ಮೇಂದ್ರ ಜನರ ಕಡೆ ತಿರುಗಿ ನಾಲ್ಕು ಮಾತು ಹೇಳಿದರು. ಪೂನಂ ಅಪ್ಪನಿಗೆ ಕನ್ನಡದಲ್ಲಿ ಹೇಳುತ್ತ ಹೋದಳು. "ಇದನ್ನ ಬರೆದವ್ರು ಅಮೆರಿಕಾದ ಒಂದು ಸಣ್ಣ ಊರಿನವ್ರಂತ ಪಪ್ಪಾ. ಅವ್ರ ಅಪ್ಪ ಆ ಊರಾಗ ಬ್ಯಾಂಡ್ ಮಾಸ್ತರ್ ಇದ್ರಂತ. ಸಣ್ಣವ್ರಿದ್ದಾಗ ಮನ್ಯಾಗ ಕುಂತು ಅಪ್ಪನ ಬ್ಯಾಂಡ್ ದೂರದಿಂದ ಬರೋದು ಕೇಳಿದ್ದು ನೆನಪಿಟ್ಟು ಬರೆದಾರಂತ."

"ಬ್ಯಾಂಡ್ ಮಾಸ್ತರ್ ಅಂತ ಖರೇನೇ ಅಂದ್ರೇನು?"

"ಹೌದು. ಹಂಗೇ ಅಂದ್ರು."

ಸಂಗೀತ ಶುರುವಾಯಿತು. ಪಿಟೀಲುಗಳು ಸಂಜೆಯ ಹಾಗೆ ಹರಡಿದವು. ಹಾಡುವವರು ಮಾತಿಲ್ಲದೆ ಬರೀ ದನಿ ಹಿಡಿದು ನಿಂತರು. ಅಷ್ಟರಲ್ಲಿ, ವೇದಿಕೆಯಿಂದಲ್ಲ, ಹಿಂದಿನಿಂದ, ಮುಚ್ಚಿದ ಬಾಗಿಲಿನ ಆಚೆಯಿಂದ, ಒಂದು ಟ್ರಂಪೆಟ್ ಕೇಳಿತು. ಅದರ ಹಿಂದೆ ಇನ್ನೆರಡು. ಮೂರೂ ಸೇರಿ ಒಂದು ನಡಿಗೆಯ ಗತ್ತಿನ ರಾಗ ಹಿಡಿದವು.

ಇಡೀ ಸಭೆ ತಲೆ ತಿರುಗಿಸಿತು. ಉತ್ತಮನೂ ತಿರುಗಿದ. ಆ ಮೂವರು ಎಲ್ಲಿ ನಿಂತಿದ್ದಾರೆಂದು ಅವನಿಗೆ ನೋಡದೆಯೇ ಗೊತ್ತಾಯಿತು. ಗೇಟಿನ ಒಳಬದಿ, ಮೆಟ್ಟಿಲ ಹತ್ತಿರ. ಅವನು ಮೂವತ್ತು ವರ್ಷ ನಿಂತು ಊದಿದ ಜಾಗ. ಅಲ್ಲಿ ನಿಂತಾಗ ಕಿವಿಯ ಪಕ್ಕದಲ್ಲೇ ಡೋಲು, ಜನರೇಟರ್, ಪಟಾಕಿ, ಕುಣಿಯುವವರ ಕೂಗು. ಊದಿದ್ದು ತನಗೇ ಸರಿಯಾಗಿ ಕೇಳಿಸುತ್ತಿರಲಿಲ್ಲ. ಒಳಗೆ ಕುಳಿತವರಿಗೆ ಅದು ಹೇಗೆ ಕೇಳುತ್ತದೆಂದು ಅವನು ಯಾರನ್ನೂ ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. ಅದು ಹೀಗೆ ಕೇಳುತ್ತದೆ. ಯಾರೋ ದೂರದಿಂದ ನಮ್ಮ ಮನೆಗೇ ಬರುತ್ತಿದ್ದಾರೆ, ಬೇಗ ಏಳಬೇಕು, ಬಾಗಿಲು ತೆಗೆಯಬೇಕು ಎನ್ನುವ ಹಾಗೆ ಕೇಳುತ್ತದೆ.

 ಕಣ್ಣೊರೆಸಿಕೊಳ್ಳಲು ಅವನು ಕರವಸ್ತ್ರ ತೆಗೆದರೆ ಅದರ ತುಂಬ ಎಣ್ಣೆ. ರತ್ನಮಾಲಾ ತನ್ನ ಸೆರಗಿನ ತುದಿ ಕೊಟ್ಟಳು.

ಬಾಗಿಲು ತೆರೆಯಿತು. ಮೂವರು ಊದುತ್ತಲೇ ನಡುವಿನ ದಾರಿಯಲ್ಲಿ ನಡೆದು ಬಂದರು. ವೇದಿಕೆಯ ಮೇಲಿನ ಹಿತ್ತಾಳೆಗಳೆಲ್ಲ ಎದ್ದು ಸೇರಿಕೊಂಡವು, ಹಾಡುವವರ ದನಿ ಏರಿತು, ಎಲ್ಲ ದನಿಗಳ ಕೆಳಗೆ ಅನುರಾಧಾಳ ಟ್ಯೂಬಾ ನೆಲವನ್ನೇ ಎತ್ತುತ್ತಿತ್ತು. ಅದರ ಎರಡನೇ ಪಿಸ್ಟನ್ ಏಳುವುದನ್ನೂ ಇಳಿಯುವುದನ್ನೂ ಉತ್ತಮ ಲಕ್ಷ್ಯವಿಟ್ಟು ನೋಡಿದ. ಒಮ್ಮೆಯೂ ಸಿಕ್ಕಿಕೊಳ್ಳಲಿಲ್ಲ. ಧರ್ಮೇಂದ್ರ ತಿರುಗಿ ನಿಂತಾಗ ಸಭೆಯಲ್ಲಿ ಮೊದಲು ಎದ್ದವಳು ರತ್ನಮಾಲಾ.

ಮುಗಿದ ಮೇಲೆ ಅಂಗಳದಲ್ಲಿ ಚಹಾ, ಖಾರಾ ಇತ್ತು. ಇನ್ನೂ ಬೆಳಕು ಪೂರ್ತಿ ಆರಿರಲಿಲ್ಲ. ಅನುರಾಧಾ ಮೂವರು ಟ್ರಂಪೆಟ್ಟಿನವರನ್ನು ಕರೆದುಕೊಂಡು ಅವನನ್ನು ಹುಡುಕುತ್ತ ಬಂದಳು. "ನನ್ನ ಮಾನ ಉಳಿಸಿದ ಕಾಕಾ ಇವ್ರೇ," ಎಂದು ಪರಿಚಯ ಮಾಡಿಸಿದಳು. ಅವರು ಹೈದರಾಬಾದಿ ಉರ್ದುವಿನಲ್ಲಿ ಮಾತನಾಡಿದರು, ಉತ್ತಮನಿಗೆ ಅದು ಮನೆಯ ಮಾತಿನಷ್ಟೇ ಸಲೀಸು. ಹೊರಗಿನಿಂದ ಊದಿದ್ದು ಒಳಗೆ ಹೇಗೆ ಕೇಳಿತು ಎಂದು ಅವರು ಕೇಳಿದರು.

ಉತ್ತಮ ಸ್ವಲ್ಪ ಹಿಂಜರಿದ. ಆಮೇಲೆ, ಚಲೋ ಕೇಳಿತು, ಆದರೆ ನಾಲ್ಕು ಹೆಜ್ಜೆ ಎಡಕ್ಕೆ ನಿಂತಿದ್ದರೆ ಇನ್ನೂ ಚಲೋ ಇರುತ್ತಿತ್ತು, ಅಲ್ಲಿ ಕಂಪೌಂಡ್ ಗೋಡೆ ದನಿಯನ್ನು ತಿರುಗಿಸಿ ಒಳಗೆ ಒಗೆಯುತ್ತದೆ ಎಂದ. ಅವರು ಮುಖ ಮುಖ ನೋಡಿಕೊಂಡರು. ಅವರಲ್ಲೊಬ್ಬ ತನ್ನ ಟ್ರಂಪೆಟ್ಟನ್ನೇ ಅವನ ಕೈಗೆ ಕೊಟ್ಟ.

ಉತ್ತಮ ಆ ಜಾಗಕ್ಕೆ ಹೋಗಿ ನಿಂತ. ಬೇರೆಯವರ ಬಾಜಾ, ತೂಕ ಬೇರೆ, ತುಟಿಗೆ ತಾಗುವ ರೀತಿ ಬೇರೆ. ಯಾವ ಹಾಡನ್ನೂ ಊದದೆ ಒಂದೇ ಒಂದು ಸ್ವರವನ್ನು ಉದ್ದಕ್ಕೆ ಊದಿ ಬಿಟ್ಟ. ಗೋಡೆ ಅದನ್ನು ಹಿಡಿದು ಬಾಗಿಲಿನ ಒಳಗೆ ಕಳಿಸಿತು. ಒಳಗೆ ಕುರ್ಚಿ ಜೋಡಿಸುತ್ತಿದ್ದವರು ಕೆಲಸ ಬಿಟ್ಟು ಹೊರಗೆ ಇಣುಕಿದರು. ಚಹಾದ ಕಪ್ಪು ಹಿಡಿದ ಧರ್ಮೇಂದ್ರ ಅಲ್ಲಿಂದಲೇ ತಲೆಯಾಡಿಸಿ, ಇವರನ್ನು ಮೊದಲೇ ನನ್ನ ಹತ್ತಿರ ಯಾಕೆ ಕರೆತರಲಿಲ್ಲ ಎಂದು ಅನುರಾಧಾಳನ್ನು ಕೇಳಿದರು. ತಂಡ ಅವನ ಫೋನ್ ನಂಬರ್ ಬರೆದುಕೊಂಡಿತು. ಅನುರಾಧಾ ಅವನ ಎಣ್ಣೆಯ ಸೀಸೆಯನ್ನು ಕೇಳಿ ತೆಗೆದುಕೊಂಡಳು.

ಪೂನಂ ಹುಮನಾಬಾದಿನಲ್ಲೇ ಉಳಿದಳು. ಮರಳುವ ಬಸ್ಸಿನಲ್ಲಿ ರತ್ನಮಾಲಾಗೆ ಎಲ್ಲ ವಿವರವಾಗಿ ಹೇಳಬೇಕಾಯಿತು. ಕೊಬ್ಬರಿ ಎಣ್ಣೆಯ ಮಾತು ಬಂದಾಗ ಅವಳು ನಕ್ಕದ್ದಕ್ಕೆ ಮುಂದಿನ ಸೀಟಿನವರು ತಿರುಗಿ ನೋಡಿದರು. ಸ್ವಲ್ಪ ಹೊತ್ತಾದ ಮೇಲೆ ಅವಳು, "ಆ ಮಾಸ್ತರನ ಮಗ ಅಪ್ಪನ ಬ್ಯಾಂಡ್ ಮರೀಲಿಲ್ಲ ನೋಡ್ರಿ," ಎಂದಳು.

"ಪೂನಂಗೂ ನೆನಪಿರ್ತದೇನು?"

"ನೀವು ಮೆರವಣಿಗಿ ಮುಗಿಸಿ ಓಣಿಗೆ ಬಂದಾಗ ಮೂಲಿ ಮ್ಯಾಗೇ ಒಂದು ಸಲ ಊದ್ತಿದ್ರಿ. ಅದು ಕೇಳಿ ಆಕಿ ಓಡಿ ಬಂದು ಬಾಗಲಾ ತಗೀತಿದ್ಳು. ನಿಮಗ ಗೊತ್ತಿಲ್ಲ, ನೀವು ಹೊರಗಿದ್ರಿ."

ಮರುದಿನದಿಂದಲೇ ಉತ್ತಮ ಬ್ಯಾಂಡಿನವರ ಬೆನ್ನು ಹತ್ತಿದ. ಮೆಲ್ಲಗೆ ಊದಬೇಕು, ನಡುವೆ ನಿಲ್ಲಿಸಬೇಕು, ಒಬ್ಬರ ಉಸಿರು ಮುಗಿದಾಗ ಇನ್ನೊಬ್ಬರು ಹಿಡಿಯಬೇಕು. ಕ್ಲಾರಿನೆಟ್ ನುಡಿಸುವ ಫೈಜಲ ಅವನ ಜೊತೆ ಇಪ್ಪತ್ತು ವರ್ಷ ನಡೆದವನು, ಮುಖದ ಮೇಲೆಯೇ ಹೇಳಿದ.

"ಉಸ್ತಾದ್, ಮುಂದ ಡಿಜೆ ಗಾಡಿ ಇರ್ತದ. ಮೆಲ್ಲಕ ಊದಿದ್ರ ಕುದುರೀಗೂ ಕೇಳಂಗಿಲ್ಲ."

"ಡಿಜೆ ಇಲ್ಲದ ಜಾಗಾದಾಗ ಊದೋಣು."

"ಅಂಥಾ ಜಾಗಾ ಎಲ್ಲದ?"

ಜಾಗ ಸಿಕ್ಕಿತು. ಹತ್ತಿರದ ಹಳ್ಳಿ ಮಂಠಾಳದಲ್ಲಿ ಉತ್ತಮನ ಅಕ್ಕ ಸುಮನಬಾಯಿ ಇದ್ದಳು. ಕೂಲಿ ಕೆಲಸದಲ್ಲಿ ಮೈ ಗಟ್ಟಿಯಾದ, ಎಪ್ಪತ್ತರ ಹತ್ತಿರದ ಹೆಂಗಸು. ಬುದ್ಧ ಪೂರ್ಣಿಮೆಗೆ ವಿಹಾರದ ಮುಂದೆ ಬ್ಯಾಂಡ್ ಬಾರಿಸು ಎಂದು ಪ್ರತಿ ವರ್ಷ ಅವಳದೇ ಕರೆ. ಈ ಸಲ ಉತ್ತಮ ಏಳು ಮಂದಿಯನ್ನು ವಿಹಾರದ ಬಳಿ ನಿಲ್ಲಿಸಿ, ಫೈಜಲನನ್ನೂ ಇನ್ನಿಬ್ಬರನ್ನೂ ಓಣಿಯ ಆಚೆ, ಬಾವಿಯ ಹತ್ತಿರ ಕಳಿಸಿದ.

ಬುದ್ಧ ವಂದನೆ ಮುಗಿದು ಎಲ್ಲರೂ ಸುಮ್ಮನೆ ಕುಳಿತಾಗ ಅವನು ಕೈ ಎತ್ತಿದ. ಏಳು ಮಂದಿ ಮೆಲ್ಲಗೆ ಒಂದು ಸ್ವರ ಹಿಡಿದರು. ನಿಲ್ಲಿಸಿದರು. ಬೇಸಿಗೆಯ ಸಂಜೆ, ಗಾಳಿಯಿಲ್ಲ. ಬಾವಿಯ ಕಡೆಯಿಂದ ಫೈಜಲನ ಕ್ಲಾರಿನೆಟ್ ಉತ್ತರ ಕೊಟ್ಟಿತು, ಅದರ ಹಿಂದೆ ಇನ್ನೆರಡು ಬಾಜಾ. ನೂರಿನ್ನೂರು ತಲೆಗಳು ಒಟ್ಟಿಗೆ ಆ ಕಡೆ ತಿರುಗಿದವು. ಮನೆಗಳಲ್ಲಿ ಉಳಿದಿದ್ದ ಹೆಂಗಸರು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದರು. ಯಾರೂ ಕುಣಿಯಲಿಲ್ಲ, ಯಾರೂ ಎದ್ದು ಹೋಗಲೂ ಇಲ್ಲ. ಈ ಕಡೆಯವರು ನಿಲ್ಲಿಸಿದಾಗ ಆ ಕಡೆಯವರು ಹಿಡಿಯುತ್ತ, ಹತ್ತು ನಿಮಿಷ ಹಾಗೇ ನಡೆಯಿತು. ಮೂರನೇ ಬಾರಿ ಒಬ್ಬನ ಉಸಿರು ತಪ್ಪಿತು. ಪಕ್ಕದವನು ಹಿಡಿದುಕೊಂಡ.

ಮುಗಿದ ಮೇಲೆ ಸುಮನಬಾಯಿ ತಮ್ಮನ ಹತ್ತಿರ ಬಂದಳು.

"ಭಾಳ ಛಂದಾಯ್ತಪಾ. ಆದ್ರ ಆ ಮೂವರು ಯಾಕ ಬಾವಿ ಕಡೆ ನಿಂತಾರ? ಜಗಳಾ ಆಡಿದ್ರೇನು?"

"ಇಲ್ಲಕ್ಕಾ. ನಾನೇ ನಿಲ್ಲಿಸೀನಿ. ದೂರಿಂದ ಕೇಳಿದ್ರ ಛಂದ ಇರ್ತದ."

"ಕೇಳೋದು ಮುಗೀತಲ್ಲ, ಇನ್ನ ಕರಿ. ಅವ್ರಿಗಿ ಯಾರು ಖೀರು ಕೊಡ್ತಾರ?" ಎಂದು ಬೈದಳು. ಉತ್ತಮ ಕೂಗಿ ಕರೆಯುವಷ್ಟು ಕಾಯದೆ, ಮೂರು ಬಟ್ಟಲು ತಟ್ಟೆಯ ಮೇಲಿಟ್ಟುಕೊಂಡು ತಾನೇ ಓಣಿಯುದ್ದಕ್ಕೂ ನಡೆದು ಹೋದಳು. ಬಾವಿಯ ಕಟ್ಟೆಯ ಮೇಲೆ ಕುಳಿತ ಫೈಜಲ ಕ್ಲಾರಿನೆಟ್ಟನ್ನು ತೊಡೆಗೆ ಆನಿಸಿಕೊಂಡು ಎರಡೂ ಕೈಯಿಂದ ಬಟ್ಟಲು ತೆಗೆದುಕೊಂಡದ್ದು ವಿಹಾರದ ಮೆಟ್ಟಿಲಿನಿಂದ ಕಂಡಿತು. ಒಂದು ಗುಟುಕು ಕುಡಿದು ಅವನು ಇತ್ತ ತಿರುಗಿ, ಮುಂದಿನ ವರ್ಷವೂ ತಾನು ಇಲ್ಲೇ ನಿಲ್ಲುತ್ತೇನೆಂದು ಕೈ ಮಾಡಿ ತೋರಿಸಿದ.